ಡಬ್ಬಿಯೊಳಗಿನ ಐಸು

ಥರ್ಮಾಕೋಲ್ ಡಬ್ಬಿಯ ಮುಚ್ಚಳ ಎಳೆದಾಗ ಕಿರ್ ಎಂದು ಒಂದು ಸದ್ದು ಬರುತ್ತದಲ್ಲ, ಅದನ್ನು ಕೇಳಿದರೆ ನನ್ನ ಹಲ್ಲು ಚುಳ್ ಎನ್ನುತ್ತದೆ. ಕಳೆದ ವಾರ ಕುರಿಗಳಿಗೆ ಸೂಜಿ ಹಾಕುವ ಹೆಂಗಸು ನಮ್ಮ ಅಂಗಳದಲ್ಲಿ ಡಬ್ಬಿ ಇಳಿಸಿ ಮುಚ್ಚಳ ತೆಗೆದಾಗ ನಾನು ಒಳಗೆ ಚಹಾ ಕುದಿಸುತ್ತಿದ್ದೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ನಮ್ಮ ಅತ್ತೆಯ ವಿಷಯ ಮೊದಲು ಹೇಳಬೇಕು. ಸಂತೆಯಲ್ಲಿ ಕೊಂಡ ಹಗ್ಗವನ್ನು ಅಲ್ಲೇ ಎಳೆದು ನೋಡಿ, ಮನೆಗೆ ಬಂದು ಮತ್ತೊಮ್ಮೆ ಎಳೆಯುವವರು ಅವರು. ಉರುಕುಂದ ಈರಣ್ಣ ದೇವರ ಆಣೆ ಹಾಕಿಸದೆ ಬಸ್ಸಿನ ಟೈಮನ್ನೂ ನಂಬುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಕೊಟ್ಟ ಚಹಾದ ಲೋಟವನ್ನು ಮೂಸಿ, ನನ್ನ ಮುಖ ನೋಡಿ, ಆಮೇಲೆ ಕುಡಿಯುತ್ತಿದ್ದರು. ನಾನೋ ಆದೋನಿಯಲ್ಲಿ ಬಿ.ಎಸ್ಸಿ. ಮಾಡಿದವಳು. ನೀವೇ ಹೇಳಿ, ಮೈ ಉರಿಯದೆ ಇರುತ್ತದೆಯೇ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಗಂಡನ ಮುಂದೆ ಗೊಣಗುತ್ತಿದ್ದೆ.

ಕುರಿಗಳ ಸೂಜಿಗೂ ಅದೇ ತಪಾಸಣೆ. ಮೊದಲ ಮಳೆಯ ಎಳೆಹುಲ್ಲು ಮೇದ ಮರಿಗಳು, ಅದರಲ್ಲೂ ಚೆನ್ನಾಗಿ ಬೆಳೆದವೇ, ಕರುಳುಬೇನೆ ಬಂದು ಬೆಳಗಾಗುವಷ್ಟರಲ್ಲಿ ಸತ್ತಿರುತ್ತವೆ. ಹಾಗಾಗಿ ಮಳೆಗೆ ಮೊದಲೇ ಸೂಜಿ ಹಾಕಿಸಬೇಕು. ಯಾವುದೋ ಕಾಲದಲ್ಲಿ ದನದ ದವಾಖಾನೆಯ ತೆಲುಗು ಡಾಕ್ಟರು "ಐಸು ಲೇಕುಂಟೆ ಅದಿ ನೀಳ್ಳೇ ಅಮ್ಮಾ," ಐಸು ಇಲ್ಲದಿದ್ದರೆ ಅದು ಬರೀ ನೀರು ಅಂದಿದ್ದನ್ನು ಅತ್ತೆ ಗಂಟು ಹಾಕಿಕೊಂಡಿದ್ದರು. ಸೂಜಿಯವರು ಬಂದರೆ ಡಬ್ಬಿಯೊಳಗೆ ಕೈ ಇಳಿಸಿ, ತಣ್ಣಗಿದ್ದರೆ ಮಾತ್ರ ಕುರಿಹಟ್ಟಿಯ ಬಾಗಿಲು ತೆಗೆಯುವರು.

ನಾನು ಬಂದ ಮೊದಲ ವರ್ಷ ಅತ್ತೆ ಕೋಸಿಗಿಗೆ ತಂಗಿಯ ಮನೆಗೆ ಹೋಗಿದ್ದರು. ಅದೇ ದಿನ ಮಟಮಟ ಮಧ್ಯಾಹ್ನ ಸೂಜಿಯವನು ಬಂದ. ಡಬ್ಬಿಯಲ್ಲಿ ಐಸಿರಲಿಲ್ಲ. ಬೆಚ್ಚಗಿನ ನೀರಿನಲ್ಲಿ ಔಷಧಿ ಬಾಟಲಿಗಳು ತೇಲುತ್ತಿದ್ದವು. ಕಣ್ಣಾರೆ ಕಂಡೆ. ಆದರೆ ಓದಿದವಳು ಅನುಮಾನಪಡಬಾರದು ಎಂಬ ಜಂಬ ನೋಡಿ, "ಹಾಕ್ರಿ" ಅಂದುಬಿಟ್ಟೆ.

ಸಂಜೆ ಅತ್ತೆ ಚಪ್ಪಲಿ ಬಿಡುತ್ತಲೇ ಕೇಳಿದರು. "ಡಬ್ಬ್ಯಾಗ ಐಸ್ ಇತ್ತೇನು?"

"ಇತ್ರಿ ಅತ್ತಿ. ಕೈ ಇಟ್ಟು ನೋಡೀನಿ."

ಆಣೆ ಕೇಳಲಿಲ್ಲ. ಯಾರನ್ನೂ ನಂಬದವರು ನನ್ನನ್ನು ನಂಬಿದರು. ಮರುದಿನದಿಂದ ಚಹಾ ಮೂಸುವುದನ್ನೂ ಬಿಟ್ಟರು. ಗೆದ್ದೆ ಎಂದುಕೊಂಡೆ ನಾನು.

ಮೊದಲ ಮಳೆಯಾದ ವಾರದಲ್ಲಿ ಏಳು ಮರಿ ಸತ್ತವು. ಅತ್ತೆಯ ಸೆರಗು ಜಗಿಯುತ್ತ ಹಿಂದೆಯೇ ತಿರುಗುತ್ತಿದ್ದ ಕಂದು ಮರಿಯೂ ಹೋಯಿತು. ಬಿಸಿಯಾದ ಔಷಧವೇ ಕಾರಣವೆಂದು ಆಣೆ ಮಾಡಿ ಹೇಳಲಾರೆ, ಆದರೆ ನನ್ನ ಅನುಮಾನ ಅದೇ. ಅತ್ತೆ ಅನುಮಾನಪಟ್ಟಿದ್ದು ನನ್ನ ಮೇಲಲ್ಲ. "ಐಸ್‌ನ್ಯಾಗ ಇಟ್ಟಿದ್ದು ಹಾಕಿದ್ರೂ ಸತ್ವು. ಔಷಧಾನ ಸುಳ್ಳು," ಅಂದರು. ಅಂದಿನಿಂದ ಹನ್ನೊಂದು ವರ್ಷ ನಮ್ಮ ಹಟ್ಟಿಗೆ ಸೂಜಿ ಬರಲಿಲ್ಲ. ಪ್ರತಿ ಮಳೆಗೆ ಒಂದೆರಡು ಮರಿ ಹೋಗುತ್ತಿದ್ದವು. ನಾನು ಬಾಯಿ ಬಿಡಲಿಲ್ಲ.

ಕಳೆದ ವಾರವೂ ಅತ್ತೆ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತು, "ನಡಿಯವ್ವ, ನಿನ್ನ ಐಸೂ ನೋಡೀನಿ, ನಿನ್ನ ಔಷಧಾನೂ ನೋಡೀನಿ," ಅಂದರು.

"ಅವ್ವಾ, ಮಳಿ ಬಂದಮ್ಯಾಲ ಹಾಕಿದ್ರ ಏನು ಲಾಭ?" ಅಂದಳು ಸೂಜಿಯವಳು.

ಒಳಗೆ ಹದಿನಾಲ್ಕು ಮರಿ ಇದ್ದವು. ನಾನು ಒಲೆ ಆರಿಸಿ ಹೊರಗೆ ಬಂದೆ. "ಅತ್ತಿ, ಅವತ್ತು ಐಸ್ ಇರಲಿಲ್ರಿ. ನಾ ಸುಳ್ಳು ಹೇಳಿದ್ದೆ."

ಅತ್ತೆ ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಔಷಧಕ್ಕ ಬೈದೆನಲ್ಲ," ಅಂದರು. ಕೋಲು ಗೋಡೆಗೆ ಆನಿಸಿ, ಬಗ್ಗಿ, ಡಬ್ಬಿಯೊಳಗೆ ಕೈ ಇಳಿಸಿದರು. "ತಣ್ಣಗ ಐತಿ. ಹಾಕವ್ವ."

ಎಲ್ಲ ಮುಗಿದ ಮೇಲೆ ಮತ್ತೆ ಚಹಾ ಮಾಡಿ ತಂದುಕೊಟ್ಟೆ. ಅತ್ತೆ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ನನ್ನ ಮುಖ ನೋಡಿದರು. ಆಮೇಲೆ ಕುಡಿದರು.

ಈಗ ದಿನಾಲೂ ಹಾಗೆಯೇ. ಮೈ ಉರಿಯುವುದಿಲ್ಲ. ಅವರು ಮೂಸಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.