ಠಾಣೆಯಲ್ಲಿ ಇಳಿದ ದೇವಿ

ಎಪ್ಪತ್ತರ ದಶಕದ ಕೊನೆ. ಒಂದು ಬೆಳಿಗ್ಗೆ ಮೂರು ವರ್ಷದ ಮಗಳನ್ನು ಡೊಂಬಿವಲಿಯಿಂದ ಠಾಣೆ ಊರಿನ ಡಾಕ್ಟರ ಹತ್ತಿರ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕರೆದೊಯ್ಯುತ್ತಿದ್ದೆ. ಅವಳ ಮೈಮೇಲೆ ನೀರುಗುಳ್ಳೆಗಳು ಏಳುತ್ತಿದ್ದವು. ದೇಹವೇ ತನ್ನ ಚರ್ಮವನ್ನು ಪರರದ್ದೆಂದು ತಿಳಿದು ಅದರೊಂದಿಗೆ ಜಗಳವಾಡುವ ಕಾಯಿಲೆ ಅದು, ಯಾರಿಗೂ ಅಂಟುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಯಾರದಾದರೂ ಮೈ ಅವಳಿಗೆ ಉಜ್ಜಿದರೆ ಗುಳ್ಳೆ ಒಡೆದು ಹಸಿಗಾಯವಾಗುತ್ತಿತ್ತು.

ಸುರಂಗ ದಾಟಿದಾಗ ಬಿಸಿಲು ಅವಳ ತೋಳಿನ ಮೇಲೆ ಬಿತ್ತು. ಉಂಗುರದಂತೆ ಕೂತಿದ್ದ ಗುಳ್ಳೆಗಳು ಮುತ್ತುಗಳಾಗಿ ಹೊಳೆದವು. ಅದು ಕಾಯಿಲೆ ಎಂಬುದೇ ನನಗೆ ಕ್ಷಣಹೊತ್ತು ಮರೆತುಹೋಯಿತು.

ನಮ್ಮ ಕನ್ನಡ ಕೇಳಿಸಿಕೊಂಡಿದ್ದ ಕುಂದಾಪುರ ಕಡೆಯ ಹೆಂಗಸೊಬ್ಬರು, "ಅಮ್ಮ ಬಂದದ್ದಾ? ಹೀಗೆ ರೈಲಿನಲ್ಲಿ ತರುವುದಾ?" ಎಂದರು. ಮಕ್ಕಳಿಗೆ ಜ್ವರ ಬಂದು ಗುಳ್ಳೆ ಎದ್ದರೆ ದೇವಿ ಬಂದಳೆಂದು ಬೇವಿನ ಸೊಪ್ಪು ಹಾಸಿ ಮನೆಯಲ್ಲೇ ಮಲಗಿಸುವುದು ವಾಡಿಕೆ. ಇದು ಅದಲ್ಲವೆಂದು ಎಲ್ಲವನ್ನೂ ವಿವರಿಸಿದೆ. ಅವರು ತಲೆಯಾಡಿಸಿದರು.

ಠಾಣೆ ಬಂತು. ಬಾಗಿಲ ತುಂಬ ಹತ್ತುವವರ ನೂಕುನುಗ್ಗಲು. ಮಗಳ ಕೈ ಹಿಡಿದು ನಿಂತೆ. ಆ ಗುಂಪಿನೊಳಗೆ ನುಗ್ಗಿದರೆ ಒಂದು ಗುಳ್ಳೆಯೂ ಒಡೆಯದೆ ಉಳಿಯುತ್ತಿರಲಿಲ್ಲ. ಆ ಹೆಂಗಸು ಎದ್ದು ಮರಾಠಿಯಲ್ಲಿ ಕೂಗಿದರು: "ಸರಕಾ, ದೇವಿ ಆಲ್ಯಾ ಆಹೇತ್." ಸರಿಯಿರಿ, ದೇವಿ ಬಂದಿದ್ದಾರೆ ಎಂದು.

"ದೇವಿ ಅಲ್ಲ, ಹೇಳಿದೆನಲ್ಲ..." ಎಂದೆ.

"ನನಗೆ ಅರ್ಥ ಆಗಿದೆ ಮಾರಾಯ್ರೆ. ಇವರಿಗೆಲ್ಲ ಹೇಳ್ತಾ ನಿಂತರೆ ಗಾಡಿ ದಾದರಿಗೆ ಹೋಗ್ತದೆ. ಇಳೀರಿ."

ಗುಂಪು ಎರಡಾಗಿ ಸರಿಯಿತು, ಭಕ್ತಿಯಿಂದಲೋ ಭಯದಿಂದಲೋ. ಕೆಲವರು ಕೈಮುಗಿದರು. ಮಗಳೂ ಅವರಿಗೆಲ್ಲ ಕೈಮುಗಿಯುತ್ತ, ಯಾರ ಮೈಯೂ ತಾಗದೆ ಇಳಿದಳು. ವಿವರಿಸಬೇಕಾದ್ದು ಇನ್ನೂ ಬಹಳವಿತ್ತು. ನಾನು ಸುಮ್ಮನೆ ದೇವಿಯ ಹಿಂದೆ ನಡೆದೆ.