ಕಂಪ್ಯೂಟರ್‌ಗೆ ರೆಸ್ಟು, ಕೂಸಿಗೆ ಹಾಲು

ಕೂಸಿನ ಹಾಗೆ ಅಳುವುದು ಕಷ್ಟವೇನಲ್ಲ. ಮೂಗು ಸ್ವಲ್ಪ ಕಟ್ಟಿರಬೇಕು, ನಾಚಿಕೆ ಪೂರ್ತಿ ಬಿಟ್ಟಿರಬೇಕು. (ಎರಡನೆಯದು ನನಗೆ ಹುಟ್ಟಿನಿಂದಲೇ ಸಿದ್ಧಿಸಿದೆ.) ಹೋದ ತಿಂಗಳು ಹಾಗೆ ಅಳಲು ಹೋಗಿ, ನಮ್ಮ ಆಫೀಸಿನ ಕಾನೂನನ್ನೇ ಬದಲಾಯಿಸಿಬಿಟ್ಟೆ.

ಸವಳಂಗ ರಸ್ತೆಯಲ್ಲಿ ನಮ್ಮದೊಂದು ಡಿಟಿಪಿ ಸೆಂಟರ್. ಲಗ್ನಪತ್ರಿಕೆಗೆ ಗಣಪತಿ, ಬಾಳೆಕಂಬ ಕೂರಿಸುವವನು ನಾನು. ಮುಂದೆ ಕೌಂಟರು, ಹಿಂದೆ ಕಂಪ್ಯೂಟರಿನ ಎಸಿ ರೂಮು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಮಧ್ಯಾಹ್ನ ಅರ್ಧ ಗಂಟೆ ಕಂಪ್ಯೂಟರ್‌ಗೆ ರೆಸ್ಟು. ಬಿಸಿಯಾಗುತ್ತದಂತೆ! ಓನರ್ ನಾಗರಾಜಪ್ಪನವರು ಅದಕ್ಕೆ ಹೂವಿನ ಬಟ್ಟೆ ಹೊದಿಸಿ, ಎಸಿ ಹಾಗೇ ಬಿಟ್ಟು, ಸದ್ದಾಗದಂತೆ ಬಾಗಿಲೆಳೆದುಕೊಂಡು ಬರುತ್ತಾರೆ. ಜೋಗುಳ ಹಾಡುವುದೊಂದು ಬಾಕಿ.

ಟೈಪ್ ಮಾಡುವವರು ಶೈಲಜಕ್ಕ. ಹೆರಿಗೆ ರಜೆ ಮುಗಿಸಿ ಬಂದಿದ್ದರು. ಮನೆ ಭದ್ರಾವತಿ. ಬೆಳಿಗ್ಗೆ ಬಸ್ಸಿನಲ್ಲಿ ಕೂಸನ್ನೂ ಕರೆತಂದು ಇಲ್ಲೇ ಗೋಪಾಳದ ತವರಿನಲ್ಲಿ ಬಿಡುತ್ತಿದ್ದರು. ಮಧ್ಯಾಹ್ನ ಅವರಮ್ಮ ಆಟೋದಲ್ಲಿ ಕೂಸನ್ನು ಆಫೀಸಿಗೆ ತರುತ್ತಿದ್ದರು. ಹಾಲು ಕುಡಿಸುವುದೆಲ್ಲಿ? ಮಹಡಿ ಮೆಟ್ಟಿಲ ಮೇಲೆ, ಸೆರಗಿನ ಮರೆಯಲ್ಲಿ. ಮೇಲ್ಗಡೆ ಟ್ಯುಟೋರಿಯಲ್ಲು. ಹತ್ತಿಳಿಯುವ ಹುಡುಗರೆಲ್ಲ "ದಾರಿ ಬಿಡಿ ಅಕ್ಕಾ" ಅನ್ನುವವರೇ. ಕೂಸು ಅರೆಹೊಟ್ಟೆಯಲ್ಲೇ ವಾಪಸು.

ಈ ತಲೆಬಿಸಿಯಲ್ಲಿ ಶೈಲಜಕ್ಕ ಒಂದು ಲಗ್ನಪತ್ರಿಕೆಯಲ್ಲಿ ವರನ ಜಾಗಕ್ಕೆ ವಧುವಿನ ಸೋದರಮಾವನ ಹೆಸರು ಹಾಕಿದರು. ಪ್ರಿಂಟೂ ಆಯಿತು. (ನಮ್ಮ ಕಡೆ ಅದೂ ನಡೆಯುತ್ತದೆ ಅನ್ನಿ. ಆದರೆ ಈ ಮಾವನಿಗೆ ಆಗಲೇ ಹೆಂಡತಿ, ಮೂರು ಮಕ್ಕಳು.) ಓನರ್ ಬಾಯಿಗೆ ಬಂದಂತೆ ಬೈದರು.

ಅವತ್ತು ಅವರಮ್ಮ ಬರುವುದೂ ತಡವಾಗಿತ್ತು. ಶೈಲಜಕ್ಕ ಮಂಕಾಗಿ ಕೂತಿದ್ದರು. ನಗಿಸೋಣವೆಂದು ನಾನು ಪಾರ್ಟಿಷನ್ ಹಿಂದೆ ನಿಂತು "ಉಂಗಾ ಉಂಗಾ" ಶುರು ಮಾಡಿದೆ.

ಧಡಕ್ಕನೆ ಎದ್ದರು. ನನ್ನನ್ನು ಕಂಡರು. ಸೆರಗನ್ನು ಎದೆ ತುಂಬ ಹೊದ್ದುಕೊಂಡರು.

"ನಿನ್ನ ಬಾಯಿಗೆ ಮಣ್ಣು ಹಾಕ ಮಾರಾಯ! ಕೂಸು ಅತ್ರೆ ಹಾಲು ತಾನಾಗೇ ಇಳಿಯುತ್ತೆ ಕಣೋ. ಬ್ಲೌಸೆಲ್ಲ ಒದ್ದೆ ಮಾಡಿದ್ಯಲ್ಲೋ!"

ನಾನೋ ಬ್ಯಾಚುಲರ್. ನನ್ನ ಮಿಮಿಕ್ರಿಗೆ ಚಪ್ಪಾಳೆ ಬಂದದ್ದುಂಟು, ಚಪ್ಪಲಿ ಬಂದದ್ದುಂಟು. ಹಾಲು ಬಂದದ್ದು ಅದೇ ಮೊದಲು.

ಓನರ್ ಓಡಿ ಬಂದರು. "ಏನಮ್ಮಾ ಇದು ಗಲಾಟೆ?"

"ಕೆಲಸ ಬಿಡ್ತೀನಿ ಸಾರ್. ಆ ಮೆಟ್ಟಿಲ ಮೇಲೆ ಕೂರೋಕೆ ಇನ್ನು ನನ್ನ ಕೈಲಾಗಲ್ಲ. ಹೋಗೋ ಮೊದ್ಲು ಒಂದು ಕೇಳ್ತೀನಿ. ಕಂಪ್ಯೂಟರ್ ರೆಸ್ಟ್ ತಗೊಳ್ಳೋವಾಗ ರೂಮಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ."

"ಎಸಿ?"

"ಆನ್ ಇರುತ್ತೆ."

"ಯಾರಿಗೆ ಸಾರ್?"

ಓನರ್ ನನ್ನ ಕಡೆ ನೋಡಿದರು. ನಾನು ಫ್ಯಾನ್ ಕಡೆ ನೋಡಿದೆ. ಇಡೀ ಅಂಗಡಿಯಲ್ಲಿ ಕೀಬೋರ್ಡ್ ನೋಡದೆ ಕನ್ನಡ ಟೈಪ್ ಮಾಡುವವರು ಶೈಲಜಕ್ಕ ಒಬ್ಬರೇ. ಎದುರಿಗೆ ಮದುವೆ ಸೀಸನ್ನು.

"ಕೂಸು ಕಂಪ್ಯೂಟರ್ ಮೇಲೆ ಕಕ್ಕಿದ್ರೆ?" ಓನರ್ ದನಿ ಆಗಲೇ ಸೋತಿತ್ತು.

"ಬಟ್ಟೆ ಹೊದಿಸಿರ್ತೀರಲ್ಲ ಸಾರ್!"

ಅಷ್ಟರಲ್ಲಿ ಆಟೋ ಬಂತು. ತಾಯಿ, ಕೂಸು ಒಳಗೆ ಹೋದರು. ಬೋಲ್ಟ್ ಬಿತ್ತು. ಅಂದಿನಿಂದ ಅದೇ ಪದ್ಧತಿ. ಆ ಅರ್ಧ ಗಂಟೆ ಓನರ್ ತಾವೇ ಕೌಂಟರಿನಲ್ಲಿ ಕೂತು ಪ್ರೂಫ್ ಓದುತ್ತಾರೆ. ಕೂಸಿನ ಕೆನ್ನೆ ತುಂಬಿದೆ. ಪತ್ರಿಕೆಗಳಲ್ಲಿ ತಪ್ಪೂ ಇಲ್ಲ.

ಮೊನ್ನೆ ಪಕ್ಕದ ಫೋಟೋ ಸ್ಟುಡಿಯೋದವರು ಓನರನ್ನು ಕೇಳಿದರು. "ದಿನಾ ಅರ್ಧ ಗಂಟೆ ಲಾಸ್ ಅಲ್ವೇನ್ರೀ?"

"ಲಾಸಾ? ಆಯಮ್ಮ ಬಿಟ್ಟು ಹೋಗಿದ್ರೆ ಈ ಮಂಗನ್ನ ನಂಬ್ಕೊಂಡು ಇಡೀ ಊರಿನ ಮದುವೆ ಮಾಡಿಸ್ಬೇಕಿತ್ತು!"

(ಮಂಗ ಯಾರೆಂದು ಬಿಡಿಸಿ ಹೇಳಬೇಕೆ?)

ಅಂದಹಾಗೆ ಸ್ವಾಮಿ, ನಿಮ್ಮ ಆಫೀಸಿನಲ್ಲೂ ಬೋಲ್ಟ್ ಇರುವ ರೂಮೊಂದು ಇದೆಯಲ್ಲ, ಅದರೊಳಗೆ ಸದ್ಯ ಏನಿಟ್ಟಿದ್ದೀರಿ?