ಹೊಲಿಗೆಯೊಳಗೆ ಬಿಟ್ಟ ರಬ್ಬರು

ಥಂಡಿ ನೀರಿಗೆ ಇಳಿಯಲು ರಬ್ಬರಿನ ಅಂಗಿ ಬೇಕು ಎಂದರೆ ನಮ್ಮ ಬೈಲಹೊಂಗಲದಲ್ಲಿ ನಗುತ್ತಿದ್ದರು. "ಇಂಥಾ ಬಿಸಲೂರಾಗ ಥಂಡಿ ನೀರು ಎಲ್ಲೈತ್ರಿ ಬಾಯಾರ?" ಎಂದು ಕೇಳಿದವರಿಗೆ ನಾನು ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸವದತ್ತಿ ಡ್ಯಾಮಿನ ತಳ ಮುಟ್ಟಿ ಬಂದಿದ್ದರೆ ಅವರ ಹಲ್ಲುಗಳೇ ಕಟಕಟ ಎಂದು ಉತ್ತರ ಹೇಳುತ್ತಿದ್ದವು.

ನನ್ನ ಗಂಡನದು ಮೋಟರ್ ರಿಪೇರಿಯ ಅಂಗಡಿ. ಮದುವೆಗೆ ಮುಂಚೆ ಗೋವಾದ ಬಂದರಿನಲ್ಲಿ ದುಡಿಯುತ್ತಿದ್ದಾಗ, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಕೆಲಸ ಮಾಡುವುದನ್ನು ಕಲಿತಿದ್ದರು. ಊರಿಗೆ ಬಂದ ಮೇಲೆ ಆ ವಿದ್ಯೆಗೆ ಕೆಲಸ ಬೀಳುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ಸಲ. ದೇಗಾಂವದ ಕಡೆ ಆಳದ ಬಾವಿಯಲ್ಲಿ ಪಂಪು ಬಿದ್ದರೆ, ಇಲ್ಲವೇ ಡ್ಯಾಮಿನಲ್ಲಿ ಕುಡಿಯುವ ನೀರಿನ ಪೈಪಿನ ಬಾಯಿಗೆ ಕಸ ಕಟ್ಟಿದರೆ ಇವರಿಗೆ ಕರೆ ಬರುತ್ತಿತ್ತು. ಬನಿಯನ್, ಚಡ್ಡಿಯಲ್ಲೇ ಇಳಿದು ತುಟಿ ನೀಲಿ ಮಾಡಿಕೊಂಡು ಮನೆಗೆ ಬರುತ್ತಿದ್ದರು. ಎರಡು ಕೌದಿ ಹೊದಿಸಿದರೂ ನಡುಕ ನಿಲ್ಲುತ್ತಿರಲಿಲ್ಲ.

ನಾನು ಒಂದು ದಿನ ಸಿಟ್ಟಿಗೆದ್ದೆ. "ಇನ್ನೊಂದ್ಸಲ ಹಿಂಗ ಬರೀಮೈಲೆ ನೀರಿಗಿಳದ್ರ ನಾ ದೊಡವಾಡಕ್ಕ, ನಮ್ಮವ್ವನ ಮನಿಗೆ ಹೋಗಿಬಿಡ್ತೇನಿ ನೋಡ್ರಿ."

"ಹೋಗು. ಬರೂವಾಗ ಎರಡು ಕೌದಿ ತಗೊಂಡ ಬಾ" ಎಂದು ಕೌದಿಯೊಳಗಿನಿಂದಲೇ ಹೇಳಿದರು. ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು!

ಕಡೆಗೆ ಇಬ್ಬರೂ ಬಸ್ಸು ಹತ್ತಿ ಗೋವಾಕ್ಕೆ ಹೋದೆವು. ಮೈತುಂಬ ಹಾಕುವ ಹೊಸ ರಬ್ಬರ್ ಸೂಟಿನ ಬೆಲೆ ಕೇಳಿದ್ದೇ ತಡ, ಅಂಗಡಿಯಿಂದ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಡಗಿನ ಹಳೆಯ ಸಾಮಾನು ಮಾರುವ ಇನ್ನೊಂದು ಅಂಗಡಿಯಲ್ಲಿ ನಮಗೆ ನಿಲುಕುವಂಥವು ಎರಡು ಇದ್ದವು. ಮೊದಲನೆಯದು ಎದೆಯವರೆಗೆ ಬಂದು ನಿಂತಿತು. ಒದ್ದೆ ಮಾಡಿದ್ದಾಯಿತು, ಕಾಲು ಜಾರಲೆಂದು ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿದ್ದಾಯಿತು, ಅಂಗಡಿಯವನೂ ನಾನೂ ಆ ಕಡೆ ಈ ಕಡೆ ಹಿಡಿದು ಜಗ್ಗಿದ್ದಾಯಿತು. ಅದು ಮೇಲೇರಲಿಲ್ಲ. ಎರಡನೆಯದು ಮೊಣಕಾಲಿನ ಹತ್ತಿರ ಹರಿದಿತ್ತು, ಅದಕ್ಕೇ ಅಗ್ಗ. ಆದರೆ ಸಡಿಲ.

ಸಡಿಲಾದರೆ ಪ್ರಯೋಜನವಿಲ್ಲ ಎಂದು ಅಂಗಡಿಯವನೇ ಹೇಳಿದ. ಒಳಗೆ ಹೊಕ್ಕ ಚೂರು ನೀರು ಮೈಯ ಕಾವಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲಬೇಕು. ಸಡಿಲಿದ್ದರೆ ಕೈಕಾಲು ಆಡಿಸಿದಾಗೆಲ್ಲ ಹೊಸ ಥಂಡಿ ನೀರು ನುಗ್ಗುತ್ತದೆ, ಸೂಟು ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

"ಇದನ್ನ ಕೊಡ್ರಿ. ನಮ್ಮ ಮನ್ಯಾಗ ಟೇಲರ್ ಅದಾಳ" ಎಂದು ಇವರು ಎದೆಯುಬ್ಬಿಸಿ ನನ್ನನ್ನು ತೋರಿಸಿದರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಟೇಲರ್ ಎಂದರೆ ಮನೆಯಲ್ಲಿ ಕುಪ್ಪಸ, ಸಾಲಿ ಮಕ್ಕಳ ಅಂಗಿ ಹೊಲಿದುಕೊಡುತ್ತಿದ್ದೆ, ಅಷ್ಟೇ. ಒಳಗೆ ಬಟ್ಟೆ ಬಿಡದೆ ಹೊಲಿಯುವವಳು ಟೇಲರೇ ಅಲ್ಲ ಎಂದು ಅವ್ವ ಕಲಿಸಿದ್ದಳು. ಉಟ್ಟವರ ಮೈ ತುಂಬಿದಾಗ ಬಿಚ್ಚಿ ಅಗಲ ಮಾಡಲು ಎರಡು ಬೆರಳಾದರೂ ಒಳಗಿರಬೇಕು. ಹೊಲಿಗೆ ಬಿಚ್ಚಿ ಒಮ್ಮೆ ಒಗೆದು ಇಸ್ತ್ರಿ ಮಾಡಿದರೆ ಹಳೆಯ ಸೂಜಿಯ ಗುರುತೂ ಉಳಿಯುವುದಿಲ್ಲ. ಮೊಣಕಾಲಿನ ಹರಕಿಗೆ ತೇಪೆ ಹಚ್ಚಿ, ಸೂಟಿಗೂ ಹಾಗೇ ಮಾಡಿದೆ. ಎರಡೂ ಪಕ್ಕೆಯಲ್ಲಿ ರಬ್ಬರನ್ನು ಒಳಕ್ಕೆ ಹಿಡಿದು, ಸೈಕಲ್ ಪಂಕ್ಚರಿನ ಸಲ್ಯೂಷನ್ ಹಚ್ಚಿ, ದಪ್ಪ ಸೂಜಿ ಹಾಕಿ ಹೊಲಿದೆ. ಕತ್ತರಿ ಮಾತ್ರ ಮುಟ್ಟಿಸಲಿಲ್ಲ.

ಆ ಚಳಿಗಾಲ ಡ್ಯಾಮಿಗೆ ನಾನೂ ಹೋದೆ. ಇವರು ಇಳಿದಾಗೆಲ್ಲ ಮೇಲೆ ಹಗ್ಗ ಹಿಡಿದು ಕೂರುತ್ತಿದ್ದವರು ಸವದತ್ತಿಯ ಮೀನುಗಾರ ಚಾಚಾ. ಅವರ ದೋಣಿಯಲ್ಲಿ ಮುದುಡಿ ಕುಳಿತು ನೀರನ್ನೇ ನೋಡುತ್ತಿದ್ದೆ. ಇವರು ಮೇಲೆ ಬಂದು ಬಾಯಿಯ ನಳಿಗೆ ತೆಗೆದವರೇ, "ಏ, ಒಳಗ ಚಾ ಸುರುವಿದಂಗ ಆಗೇತಿ!" ಎಂದು ಕೂಗಿದರು. ತುಟಿ ಕೆಂಪಗಿತ್ತು. ನನ್ನ ಜೀವಮಾನದಲ್ಲಿ ನಾನು ಹೊಲಿದ ಯಾವ ಬಟ್ಟೆಗೂ ಅಂಥ ಹೊಗಳಿಕೆ ಸಿಕ್ಕಿಲ್ಲ.

ಮನೆಗೆ ಬಂದು ಸೂಟು ಕಳಚಿದಾಗ ಎರಡೂ ಪಕ್ಕೆಯಲ್ಲಿ ಕೆಂಪು ಬರೆ ಎದ್ದಿತ್ತು. ಒಳಗೆ ಬಿಟ್ಟ ರಬ್ಬರು ತಿಕ್ಕಿತ್ತು. "ಅದನ್ನ ಕತ್ತರಿಸಿ ಒಗದಬಿಡು" ಎಂದರು.

"ಹುಚ್ಚರೇನ್ರಿ? ನಾಳೆ ನಿಮಗ ಹೊಟ್ಟಿ ಬಂದ್ರ ಏನ ಬಿಚ್ಚಲಿ?" ಎಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಅವರು ಹೊಟ್ಟೆ ಸವರಿಕೊಂಡು ನಕ್ಕರು.

ಮರುವರ್ಷ ಡ್ಯಾಮಿನಿಂದ ಮತ್ತೆ ನಡುಗುತ್ತ ಬಂದರು. ಸೂಟು ಸಡಿಲಾಗಿತ್ತು. ಹಳೆಯ ಸಾಮಾನು, ರಬ್ಬರು ಹಿಗ್ಗಿದೆ ಎಂದು ಗೋವಾದ ಅಂಗಡಿಯವನಿಗೆ ಮನಸಾರೆ ಬೈದೆ. ಇನ್ನೊಂದು ಬೆರಳು ಒಳಗೆ ಹಿಡಿದು ಎರಡನೆಯ ಸಾಲು ಹೊಲಿದೆ. ಯುಗಾದಿಯ ನಂತರ ದೇಗಾಂವದ ಬಾವಿಗೆ ಹೊರಟಾಗ ಹಾಕಿ ನೋಡಿದರೆ ಮತ್ತೆ ಸಡಿಲ. ಬೆನ್ನ ಮೇಲೆ ರಬ್ಬರು ನೆರಿಗೆ ನೆರಿಗೆಯಾಗಿ ನಿಂತಿತ್ತು.

ಸೂಟು ಕಳಚಿಸಿ, ನನ್ನ ಕೊರಳಲ್ಲಿದ್ದ ಟೇಪು ತೆಗೆದು ಅವರ ಎದೆಗೆ ಸುತ್ತಿದೆ. ತಪ್ಪಿರಬೇಕು ಎಂದು ಇನ್ನೊಮ್ಮೆ ಸುತ್ತಿದೆ. ಮೊಳೆಗೆ ತೂಗುಹಾಕಿದ್ದ ಅಂಗಿ ತಂದು ತೊಡಿಸಿ ಗುಂಡಿ ಹಾಕಿದೆ. ಕಾಲರಿನೊಳಗೆ ನನ್ನ ನಾಲ್ಕೂ ಬೆರಳು ಹೋದವು. ಹಿಗ್ಗಿದ್ದು ರಬ್ಬರಲ್ಲ. ಪಾಪ, ಆ ಅಂಗಡಿಯವನಿಗೆ ಸುಮ್ಮನೆ ಬೈದಿದ್ದೆ.

ಬಾವಿಗೆ ಹೋಗಗೊಡಲಿಲ್ಲ. ಧಾರವಾಡದ ದವಾಖಾನೆಗೆ ಕರೆದೊಯ್ದೆ. ಹೊಟ್ಟೆಯೊಳಗೆ ಗಂಟು ಬೆಳೆದಿದೆ, ತಡವಾಗಿದೆ ಎಂದರು ಡಾಕ್ಟರು.

ಕೆಲವು ದಿನ ಕಳೆದ ಮೇಲೆ ಅವರೇ ಸೂಟು ತಂದು ನನ್ನ ಯಂತ್ರದ ಮೇಲೆ ಇಟ್ಟರು. "ಹಿಡದು ಹೊಲಿ. ಮಳಿಗಾಲ ಮುಗದ ಮ್ಯಾಲ ಡ್ಯಾಮಿನ ಕೆಲಸ ಐತಿ." ನಾನು ಅಳುತ್ತಲೇ ಮೂರನೆಯ ಸಾಲು ಹೊಲಿದೆ. ಒಳಗಿನ ರಬ್ಬರು ಈಗ ನನ್ನ ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಹಾಕಿಕೊಂಡು ಆ ಬೇಸಿಗೆಯ ಸೆಕೆಯಲ್ಲೇ ಪಡಸಾಲೆಯಲ್ಲಿ ಕುಳಿತರು, ಬೆವರು ಇಳಿಯುತ್ತಿತ್ತು. ಪಕ್ಕೆಗೆ ಒತ್ತುತ್ತಿದೆಯೇನೋ, ಕತ್ತರಿಸಲೇ ಎಂದು ನಾನೇ ಕೇಳಿದೆ.

"ಬ್ಯಾಡ, ಬ್ಯಾಡ. ಒಳಗ ಬೇಕಾದಷ್ಟು ಬಿಟ್ಟೀಯಲ್ಲ. ಮತ್ತ ತುಂಬಕೊಂಡ ಬರ್ತೇನಿ, ಬಿಚ್ಚೀಯಂತ" ಎಂದರು.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಗಂಜಿ ಕುಡಿಸುವಾಗ, ಬೆನ್ನು ಒರೆಸುವಾಗ, ಮೂಲೆಯ ಮೊಳೆಗೆ ತೂಗುತ್ತಿದ್ದ ಆ ಕಪ್ಪು ಸೂಟು ನೋಡಿ ಬಿಚ್ಚುವ ದಿನ ಬಂದೀತು ಎಂದುಕೊಳ್ಳುತ್ತಿದ್ದೆ. ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.

ಒಂದು ವರ್ಷವಾದ ಮೇಲೆ ಚಾಚಾ ಮನೆಗೆ ಬಂದರು. ಅವರ ಅಳಿಯ ಹೊಸದಾಗಿ ನೀರಿನ ಕೆಲಸ ಕಲಿತಿದ್ದನಂತೆ, ಇವರು ಗಟ್ಟಿಯಿದ್ದಾಗಿನ ಮೈಕಟ್ಟೇ ಅವನದು. "ಸೂಟ್ ಕೊಡ್ತೀಯೇನ ಬೇಟಿ?" ಎಂದು ಸಂಕೋಚದಿಂದ ಕೇಳಿದರು. ನಾನು ಹೂಂ ಎಂದು ಬಾಗಿಲ ಬೆಳಕಿಗೆ ಕುಳಿತು ಹೊಲಿಗೆ ಬಿಚ್ಚತೊಡಗಿದೆ. ಮೊದಲು ಮೂರನೆಯ ಸಾಲು, ಆಮೇಲೆ ಎರಡನೆಯದು. ಮೊದಲನೆಯದನ್ನು ಮುಟ್ಟಲಿಲ್ಲ. ಹೊರಗಿನ ರಬ್ಬರು ಬೂದಿ ಬಣ್ಣಕ್ಕೆ ತಿರುಗಿತ್ತು. ಮಡಿಕೆಯೊಳಗಿನದು ಇನ್ನೂ ಅಚ್ಚ ಕಪ್ಪಗಿತ್ತು. ಟೇಪು ಹಿಡಿದೆ. ಮೊದಲ ಚಳಿಗಾಲದ ಅವರ ಎದೆ ಅಲ್ಲಿ ಹಾಗೇ ಇತ್ತು.

ಎತ್ತಿ ಬಾಗಿಲಿಗೆ ಹಿಡಿದೆ. ಬಿಚ್ಚಿದ ಎರಡೂ ಸಾಲಿನ ತೂತುಗಳಲ್ಲಿ ಬಿಸಿಲು ಸಣ್ಣಗೆ ಒಳಗೆ ಬಂತು. ಉಗುರಿನಿಂದ ತಿಕ್ಕಿದೆ, ನೀರು ಹಚ್ಚಿ ಎಳೆದೆ. ಒಂದು ತೂತೂ ಮುಚ್ಚಲಿಲ್ಲ.

"ರಬ್ಬರಿಗೆ ಸೂಜಿ ಬಿದ್ರ ಮುಗೀತು ಬೇಟಿ, ಅದು ಮುಚ್ಚೂದಿಲ್ಲ. ಇನ್ನ ನೀರು ತಡಿಯೂದಿಲ್ಲ" ಎಂದರು ಚಾಚಾ. ಆ ತೂತುಗಳನ್ನು ಮುಟ್ಟಿ ನೋಡುತ್ತ ಮುಂದುವರಿಸಿದರು, "ನಿನ್ನ ಗಂಡಗೂ ಇದು ಗೊತ್ತಿತ್ತು. ಮೊದಲನೇ ವರ್ಷನ ದೋಣ್ಯಾಗ ಹೇಳಿದ್ದೆ, ಆ ಒಳಗಿಂದು ಬಿಚ್ಚಿದ್ರೂ ಕೆಲಸಕ್ಕ ಬರೂದಿಲ್ಲ, ಸುಮ್ನ ಮೈ ತಿಕ್ಕತೈತಿ, ಕೊಯ್ದ ಒಗಿ ಅಂತ. 'ಗೊತ್ತೈತಿ ಚಾಚಾ. ಆಕಿ ಬಿಟ್ಟಾಳ, ಇರ್ಲಿ' ಅಂದ."

ಚಾಚಾ ಸೂಟು ಬಿಟ್ಟು ಹೋದರು. ನಾನು ಅದರ ಪಕ್ಕೆಯನ್ನು ಸವರುತ್ತ ಕುಳಿತೆ. ಗೊತ್ತಿತ್ತಂತೆ. ಗೊತ್ತಿದ್ದೂ ಪಕ್ಕೆ ತಿಕ್ಕಿಸಿಕೊಂಡರಂತೆ. ಗೊತ್ತಿದ್ದೇ "ಬಿಚ್ಚೀಯಂತ" ಎಂದರಂತೆ. ಒಂದು ಮಾತು ಹೇಳಬಾರದಿತ್ತೇನ್ರಿ ನನಗೆ? ಹೇಳಿದ್ದರೆ ಅವತ್ತೇ ಕತ್ತರಿ ಹಾಕುತ್ತಿದ್ದೆ, ನಿಮ್ಮ ಮೈಗೆ ಹಾಯೆನಿಸುತ್ತಿತ್ತು. ನಾನು ಮಾತ್ರ ಆ ಮಳೆಗಾಲವನ್ನು ದಾಟುತ್ತಿರಲಿಲ್ಲ.